ಕಲೆ ನುಡಿದ ಸಾಕ್ಷ್ಯ

ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಗಡಿನಾಡಿನ ಶಾಲೆಗೆ ಬರುವ ಮಕ್ಕಳ ಅಂಗಿಯ ಮೇಲೆ ಕಂದುಗೆಂಪು ಚೊಗರಿನ ಕಲೆಗಳಿರುವುದುಂಟು. ಹೊಸಬರು ಅವನ್ನು ನೆತ್ತರೆಂದು ಬಗೆದು ಬೆದರಿದುದನ್ನು ನಾವು ಕಂಡಿದ್ದೇವೆ. ಕಲೆಯನ್ನು ಕಣ್ಣಿನಿಂದಲೇ ನಿರ್ಣಯಿಸಲಾಗದು ಎಂಬುದಕ್ಕೆ ಜರ್ಮನಿಯ ಒಂದು ಪ್ರಕರಣ ನಿದರ್ಶನವಾಗಿದೆ.

1898ರಲ್ಲಿ ಓಸ್ನಾಬ್ರುಕ್ ಬಳಿಯ ಹಳ್ಳಿಯೊಂದರಲ್ಲಿ ಇಬ್ಬರು ಬಾಲಿಕೆಯರ ಕೊಲೆಯಾಯಿತು. ಲುಡ್ವಿಗ್ ಟೆಸ್ನೋ ಎಂಬ ಬಡಗಿಯ ಉಡುಪಿನ ಮೇಲೆ ಕಲೆಗಳಿದ್ದವು. ಅವು ಮರಕ್ಕೆ ಬಳಿಯುವ ಬಣ್ಣವೆಂದು ಆತ ಹೇಳಿದ. ಅಧಿಕಾರಿಗಳು ನಂಬಿ ಬಿಟ್ಟರು. 1901ರ ಜುಲೈಯಲ್ಲಿ ಬಾಲ್ಟಿಕ್ ಸಮುದ್ರದ ರೂಗೆನ್ ದ್ವೀಪದಲ್ಲಿ ಎಳೆಯ ಸೋದರರಿಬ್ಬರು ಹತರಾದರು. ಅಲ್ಲಿಯೂ ಸಿಕ್ಕಿಬಿದ್ದವನು ಟೆಸ್ನೋ. ಅಲ್ಲಿಯೂ ಮರದ ಬಣ್ಣದ ಮಾತೇ. ಆದರೆ ವಿಚಾರಣಾಧಿಕಾರಿಗೆ ಹಿಂದಿನ ಪ್ರಕರಣ ನೆನಪಾಯಿತು. ಕೆಲವು ವಾರಗಳ ಮುಂಚೆ ಅಲ್ಲಿಯ ರೈತನೊಬ್ಬನ ಕುರಿಗಳನ್ನೂ ಯಾರೋ ಕಡಿದು ಹಾಕಿದ್ದರು.

ಅದೇ ವರ್ಷ ಗ್ರೈಫ್ಸ್‌ವಾಲ್ಡ್‌ನ ವೈದ್ಯ ಪೌಲ್ ಊಲೆನ್‌ಹೂತ್ ಹೊಸ ಪರೀಕ್ಷೆಯೊಂದನ್ನು ಪ್ರಕಟಿಸಿದ್ದರು. ಮೊಲಕ್ಕೆ ಮನುಷ್ಯನ ರಕ್ತವನ್ನು ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿದ್ರವ್ಯ ಹುಟ್ಟುತ್ತದೆ. ಒಣಗಿದ ಕಲೆಯನ್ನು ಉಪ್ಪುನೀರಿನಲ್ಲಿ ಕರಗಿಸಿ, ಆ ಮೊಲದ ರಕ್ತದ ತಿಳಿಯನ್ನು ಬೆರೆಸಿದಾಗ, ಕಲೆ ಮನುಷ್ಯರಕ್ತದ್ದಾದರೆ ದ್ರವ ಕದಡುತ್ತದೆ. ಕುರಿ, ದನಗಳ ರಕ್ತವನ್ನೂ ಹೀಗೆಯೇ ಬೇರೆ ಬೇರೆಯಾಗಿ ಗುರುತಿಸಬಹುದು. ಟೆಸ್ನೋನ ಬಟ್ಟೆಯ ಕೆಲವು ಕಲೆಗಳಲ್ಲಿ ಮನುಷ್ಯರಕ್ತವೂ ಕೆಲವುಗಳಲ್ಲಿ ಕುರಿಯ ರಕ್ತವೂ ದೊರೆತವು. ನ್ಯಾಯಾಲಯ ಅವನನ್ನು ಅಪರಾಧಿಯೆಂದು ನಿರ್ಣಯಿಸಿತು. ಈ ಅರಿವು ಮೂರು ವರ್ಷ ಮೊದಲೇ ಕೈಗೆ ಬಂದಿದ್ದರೆ ಆ ಇಬ್ಬರು ಬಾಲಕರು ಬದುಕುತ್ತಿದ್ದರೇನೋ!

ಆದರೂ ಆ ಪರೀಕ್ಷೆಗೆ ಒಂದು ಮಿತಿಯಿತ್ತು. ರಕ್ತ ಮನುಷ್ಯನದೆಂದು ಅದು ಹೇಳೀತು; ಯಾವ ಮನುಷ್ಯನದೆಂದು ಹೇಳಲಾರದು. ಅದಕ್ಕೆ 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಕಂಡುಹಿಡಿದ ಡಿ.ಎನ್.ಎ. ವಿಧಾನ ಬರಬೇಕಾಯಿತು.

ನಂಬಿ ಕೆಟ್ಟಂತೆ ಶಂಕಿಸಿಯೂ ಕೆಡಬಹುದು. ಅಂಗಾತ ಮಲಗಿಸಿದ ಶವದ ಬೆನ್ನು ನೀಲಿಗಟ್ಟಿದರೆ, ಹೊಡೆದು ಕೊಂದಿದ್ದಾರೆಂಬ ಗುಲ್ಲು ಹಬ್ಬುವುದುಂಟು. ಸತ್ತ ಮೇಲೆ ರಕ್ತ ತನ್ನ ಭಾರದಿಂದ ಕೆಳಭಾಗದ ನಾಳಗಳಿಗೆ ಇಳಿಯುವುದು ಸಹಜ. ಪೆಟ್ಟು ಬಿದ್ದಲ್ಲಿಯಾದರೋ ನಾಳಗಳೊಡೆದು ರಕ್ತ ಮಾಂಸದೊಳಗೆ ಹರಡಿರುತ್ತದೆ. ಈ ಭೇದವನ್ನು ವೈದ್ಯರು ಕೊಯ್ದು ನೋಡಿ ತಿಳಿಯುತ್ತಾರೆ. ನೆರೆದ ಜನ ನಿಂತು ನೋಡಿ ತಿಳಿಯಲಾರರು.

ಆದುದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಸಂಶಯಾಸ್ಪದ ಸಾವು ಕಂಡಲ್ಲಿ ನೆಲ ತೊಳೆಯಬೇಡಿ, ಬಟ್ಟೆ ಒಗೆಯಬೇಡಿ, ಶವವನ್ನು ಕದಲಿಸಬೇಡಿ. ಪೊಲೀಸರಿಗೆ ತಿಳಿಸಿ, ಮರಣೋತ್ತರ ಪರೀಕ್ಷೆಯ ವರದಿ ಬರುವವರೆಗೆ ನಾಲಗೆಯನ್ನು ಹಿಡಿತದಲ್ಲಿಡಿ. ಸತ್ತವನಿಗೂ ಶಂಕಿತನಿಗೂ ನಾವು ಸಲ್ಲಿಸಬಹುದಾದ ನ್ಯಾಯ ಅದೇ.