ಮಾವಳ್ಳಿಯಿಂದ ಪಾರಂಪಳ್ಳಿಗೆ, ಹುಟ್ಟು ಹಾಕುತ್ತಾ

ಬಸವನಗುಡಿಯವರಿಗೆ ಪಾರಂಪಳ್ಳಿ ಗೊತ್ತಿಲ್ಲದಿರಬಹುದು, ಅದರ ಕೈರುಚಿ ಮಾತ್ರ ಚೆನ್ನಾಗಿ ಗೊತ್ತು. 1924ರಲ್ಲಿ ಶುರುವಾಗಿ, ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾದ ಎಂಟಿಆರ್‌ನ ಮಯ್ಯ ಸಹೋದರರು ಆ ಊರಿನವರು. 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ತೆರೆದ ವೆಂಕಟರಮಣ ಉರಾಳರು ಪಕ್ಕದ ಸಾಲಿಗ್ರಾಮದವರು. ಅಲ್ಲಿಂದ ಇಲ್ಲಿಗೆ ಅಡುಗೆ ಬಂತು. ಈಗ ಇಲ್ಲಿಂದ ಅಲ್ಲಿಗೆ ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ಹುಡುಗರು ಹೋಗುತ್ತಾರೆ, ಕಯಾಕಿಂಗ್ ಮಾಡಲು. ಕಳೆದ ಜನವರಿಯಲ್ಲಿ ಚಾಮರಾಜಪೇಟೆಯ ನಾವು ನಾಲ್ವರೂ ಹೋದೆವು. ನಾಲ್ವರಲ್ಲಿ ಈಜು ಬರುತ್ತಿದ್ದದ್ದು ಒಬ್ಬನಿಗೆ, ಅದೂ ಈಜುಕೊಳದ ಈಜು.

ಉಡುಪಿಯಿಂದ ಕುಂದಾಪುರದ ಕಡೆಗೆ ಹೆದ್ದಾರಿ 66ರಲ್ಲಿ ಹೋದರೆ ಸಾಲಿಗ್ರಾಮ ಸಿಗುತ್ತದೆ. ಅಲ್ಲಿ ಗುರುನರಸಿಂಹ ದೇವಸ್ಥಾನವಿದೆ. ರಸ್ತೆ ಬಿಟ್ಟು ಪಡುವಣಕ್ಕೆ ತಿರುಗಿದರೆ ಪಾರಂಪಳ್ಳಿ, ಅದರಾಚೆ ಪಡುಕೆರೆ. ಹೆಸರು ನೋಡಿ ಕೆರೆ ಹುಡುಕಬಾರದು. ಅದು ಪಡು ಕರೆ, ಅಂದರೆ ಪಶ್ಚಿಮದ ದಡ. ಬೆಂಗಳೂರಿನವರ ಬಾಯಲ್ಲಿ ನೀರೆಲ್ಲಾ ಕೆರೆಯೇ ಆಗುತ್ತದೆ, ಏನು ಮಾಡುವುದು. ಘಟ್ಟದಿಂದ ಇಳಿದು ಬರುವ ಸೀತಾ ನದಿಯ ಹಿನ್ನೀರು ಇಲ್ಲಿ ಕಡಲಿಗೆ ಸಮಾನಾಂತರವಾಗಿ ಉದ್ದಕ್ಕೆ ಚಾಚಿದೆ. ಹಿನ್ನೀರಿಗೂ ಕಡಲಿಗೂ ನಡುವೆ ಇರುವುದು ಮರಳು, ತೆಂಗು, ಮನೆಗಳ ಒಂದು ಪಟ್ಟಿ ಅಷ್ಟೆ. ನೀರಿನಲ್ಲಿ ಕೂತು ಅಲೆಗಳ ಸದ್ದು ಕೇಳಬಹುದು, ಅಲೆ ಕಾಣುವುದಿಲ್ಲ.

ದೋಣಿ ಕೊಟ್ಟ ಹುಡುಗ ಮೊದಲು ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದ. ಆಮೇಲೆ ನಮ್ಮ ಹೊಡೆತ ನೋಡಿ ನಕ್ಕ. “ಹ್ವಾಯ್, ನೀರಿನೊಟ್ಟಿಗೆ ಜಗಳ ಮಾಡೂಕೆ ಬಂದದ್ದಾ? ಮೆಲ್ಲ ಹುಟ್ಟ್ ಹಾಕಿ.” ಎರಡೂ ತುದಿಗೆ ಅಲಗಿರುವ ಹುಟ್ಟು ಅದು. ತೋಳಿನಿಂದ ಎಳೆದರೆ ಅರ್ಧ ಗಂಟೆಗೆ ಭುಜ ಬಿದ್ದುಹೋಗುತ್ತದೆ, ಸೊಂಟ ತಿರುಗಿಸಿ ಎಳೆದರೆ ಸಂಜೆಯವರೆಗೂ ಹೋಗಬಹುದು. ಇದನ್ನು ಅವನು ಹೇಳಿದ್ದು ಒಂದು ಸಲ, ನಮಗೆ ಅರ್ಥವಾದದ್ದು ಭುಜ ಬಿದ್ದ ಮೇಲೆ.

ಇಕ್ಕೆಲದಲ್ಲಿ ಕಾಂಡ್ಲಾ ಕಾಡು. ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಈ ಗಿಡಗಳಲ್ಲಿ ಒಂದು ಜಾತಿಯದು ಕಾಲುಗಳನ್ನು ಚಾಚಿ ನಿಂತಂತೆ ಕಾಂಡದಿಂದಲೇ ಬೇರು ಇಳಿಸುತ್ತದೆ. ಅದರ ಕೊಂಬೆಗಳಲ್ಲಿ ನುಗ್ಗೆಕಾಯಿಯಂಥವು ಜೋತಾಡುತ್ತಿದ್ದವು. ಒಂದನ್ನು ಹಿಡಿದು ನೋಡಿದೆ. ಅದು ಕಾಯಿಯಲ್ಲ, ಮರದಲ್ಲೇ ಮೊಳೆತ ಸಸಿ. ತುದಿ ಚೂಪು. ಬಿದ್ದರೆ ಕೆಸರಿಗೆ ನಾಟಿ ಅಲ್ಲೇ ಬೇರು ಬಿಡುತ್ತದೆ, ಭರತದ, ಅಂದರೆ ಉಬ್ಬರದ, ನೀರಿಗೆ ಬಿದ್ದರೆ ತೇಲಿಕೊಂಡು ಬೇರೆ ದಡ ಸೇರುತ್ತದೆ. ಇನ್ನೊಂದು ಜಾತಿಯ ಎಲೆಯನ್ನು ಹುಡುಗ ಕಿತ್ತುಕೊಟ್ಟು ನೆಕ್ಕಲು ಹೇಳಿದ. ಬರೀ ಉಪ್ಪು. ಹೀರಿದ ಉಪ್ಪನ್ನು ಗಿಡ ಎಲೆಯ ಮೇಲೆ ಹೊರಹಾಕುತ್ತದೆ.

ಕಾಂಡ್ಲಾದ ನಡುವಿನ ಸಣ್ಣ ತೋಡಿಗೆ ನುಗ್ಗಿದ್ದು ನಮ್ಮದೇ ಹುರುಪು. ಸಂಜೆ ನಾಲ್ಕೂವರೆ, ಇಳಿತದ ಹೊತ್ತು. ನೋಡನೋಡುತ್ತಿದ್ದಂತೆ ನೀರು ಸರಿದು ದೋಣಿ ಕೆಸರಿನ ಮೇಲೆ ಕೂತಿತು. ಇಳಿದು ತಳ್ಳೋಣವೆಂದರೆ ಕಾಲು ಮೊಣಕಾಲವರೆಗೆ ಹೂತು, ಒಂದು ಚಪ್ಪಲಿ ಸೀತಾ ನದಿಯ ಪಾಲಾಯಿತು. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುವ ಈ ಲೆಕ್ಕ ಇಲ್ಲಿಯ ಮಕ್ಕಳಿಗೂ ಗೊತ್ತು. ನಮಗೆ ಗೊತ್ತಿದ್ದದ್ದು ಮೆಟ್ರೋ ವೇಳಾಪಟ್ಟಿ.

ದಕ್ಷಿಣಕ್ಕೆ ಹೋದಂತೆ ಕೋಡಿ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಮನೆ ಇರುವುದು ಈ ಹೊಳೆ-ಕಡಲಿನ ನಡುವಿನ ಊರಲ್ಲೇ. ಹೋಟೆಲು ಮಾಡಲು ಬೆಂಗಳೂರಿಗೆ ಹೋದವರು ಆ ಕಾದಂಬರಿಯಲ್ಲೂ ಇದ್ದಾರೆ. ಮುಂದೆ ಹಂಗಾರಕಟ್ಟೆ, ಅಳುಪ ಅರಸರ ಬಾರಕೂರಿಗೆ ಹತ್ತಿರದ ಹಳೆಯ ಬಂದರು. ಅಳಿವೆಯ ಹತ್ತಿರ ಸೀತೆಗೆ ಸ್ವರ್ಣೆ ಕೂಡುತ್ತಾಳೆ. ಎದುರಿಗೆ ಕೋಡಿಬೆಂಗ್ರೆಯ ಮರಳ ಚಾಚು. ಅಳಿವೆ ದಾಟುವ ಆಸೆ ನಮ್ಮಲ್ಲೊಬ್ಬನಿಗಿತ್ತು. ಹುಡುಗ ಬೇಡವೆಂದ. ಹೊಳೆಯ ನೀರು ಕಡಲಿನ ಅಲೆಗೆ ಎದುರಾಗಿ ಕುದಿಯುವ ಜಾಗ ಅದು, ಮೀನುಗಾರಿಕೆ ದೋಣಿಗಳೂ ಎಚ್ಚರದಿಂದ ಹೋಗುತ್ತವೆ. ಅವನು ಹೇಳಿದ್ದೇ ಸರಿ.

ಈ ಎರಡು ಹೊಳೆಗಳ ಮಡಿಲಲ್ಲಿ ಕುದ್ರುಗಳ ಸಾಲಿದೆ: ಮಠವಿರುವ ಬಾಳೆಕುದ್ರು, ಕೆಮ್ಮಣ್ಣು ಕಡೆಯ ಪಡುಕುದ್ರು, ತೂಗುಸೇತುವೆಯ ತಿಮ್ಮಣ್ಣಕುದ್ರು. ಕುದ್ರು ಅಂದರೆ ಹೊಳೆಯ ನಡುಗಡ್ಡೆ. ದ್ವೀಪ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮಲ್ಪೆಯಾಚೆಯ ಸೇಂಟ್ ಮೇರಿಸ್. ಅಲ್ಲಿ ಕಂಬ ಕಂಬವಾಗಿ ನಿಂತ ಶಿಲೆ ಇದೆ, ಮನೆಯಿಲ್ಲ, ರಾತ್ರಿ ಉಳಿಯುವಂತೆಯೂ ಇಲ್ಲ. ಕುದ್ರು ಹಾಗಲ್ಲ. ಇಲ್ಲಿ ಗದ್ದೆ ಇದೆ, ತೋಟ ಇದೆ, ತುಳಸಿಕಟ್ಟೆ ಇದೆ, ನೀರಿಗಿಳಿಯುವ ಮೆಟ್ಟಿಲ ಹತ್ತಿರ ಕಟ್ಟಿದ ದೋಣಿ ಇದೆ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಹೆರಿಗೆಗೆ ಹೊರಟ ಹೆಂಗಸು, ಎಲ್ಲಾ ದೋಣಿಯಲ್ಲೇ ದಾಟಿದ ಕಾಲವನ್ನು ಹಿರಿಯರು ಕಂಡಿದ್ದಾರೆ. ಹಾಗಾಗಿ ‘ಕ್ಯಾಂಪಿಂಗ್’ ಎಂಬ ಮಾತು ಇಲ್ಲಿ ನನಗೆ ಸ್ವಲ್ಪ ಮುಜುಗರ ತಂದಿತು. ಖಾಲಿ ದಡ ಕಂಡಲ್ಲಿ ಗುಡಾರ ಹೊಡೆದರೆ ಅದು ಯಾರದೋ ಅಂಗಳವೇ ಆಗಿರುತ್ತದೆ. ನಾವು ಕೇಳಿಕೊಂಡೇ ಒಂದು ಮನೆಯ ತೆಂಗಿನ ತೋಟದಲ್ಲಿ ಟೆಂಟ್ ಹಾಕಿದೆವು. ಮರದ ಬುಡದಲ್ಲಿ ಹಾಕಹೊರಟಾಗ ಮನೆಯ ಅಮ್ಮ ತಲೆಯೆತ್ತಿ ಕಾಯಿ ತೋರಿಸಿದರು. ಟೆಂಟನ್ನು ಹತ್ತು ಮಾರು ಈಚೆಗೆ ಎಳೆದೆವು.

ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಬೆಂಗಳೂರಿನ ಯಾವ ಬೀದಿಯವರು ಎಂದು ಅಮ್ಮ ಕೇಳಿದರು. ಚಾಮರಾಜಪೇಟೆ ಎಂದಾಗ ರಾಮೇಶ್ವರ ದೇವಸ್ಥಾನದ ಹತ್ತಿರವೋ, ಮಕ್ಕಳಕೂಟದ ಹತ್ತಿರವೋ ಎಂದರು. ಅವರ ಮೈದುನ ಹದಿನಾಲ್ಕನೇ ವಯಸ್ಸಿಗೆ ಅಲ್ಲೊಂದು ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದ್ದರಂತೆ. ಹನ್ನೊಂದರ ಹೊತ್ತಿಗೆ ಭರತ ತುಂಬಿ ನೀರು ಟೆಂಟಿನ ಹತ್ತಿರವೇ ಲೊಳ್ ಲೊಳ್ ಎನ್ನುತ್ತಿತ್ತು. ನಾಲ್ವರಲ್ಲಿ ಯಾರೂ ನಿದ್ದೆ ಮಾಡಲಿಲ್ಲ, ಬೆಳಿಗ್ಗೆ ಯಾರೂ ಅದನ್ನು ಒಪ್ಪಿಕೊಳ್ಳಲೂ ಇಲ್ಲ.

ಏಳಕ್ಕೆ ಎದ್ದು ನೋಡಿದರೆ ಹೊಳೆಯೇ ದೂರ ಹೋಗಿತ್ತು. ಸೊಂಟದವರೆಗಿನ ನೀರಿನಲ್ಲಿ ನಿಂತ ಹೆಂಗಸರು ಕಾಲಿನಿಂದ ತಡಕಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದರು. ತೇಲುವ ಅಲ್ಯೂಮಿನಿಯಂ ಪಾತ್ರೆಯನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡಿದ್ದರು. ನಮಗೆ ಬಸ್ಸಿನ ಚಿಂತೆ. ದೋಣಿಯನ್ನು ಕೆಸರಿನ ಮೇಲೆ ಎಳೆಯಲು ಹೊರಟೆವು.

“ಅವಸ್ರ ಎಂತಕೆ? ಭರತ ಬರ್ಲಿ,” ಎಂದರು ಅಮ್ಮ.

ಹತ್ತು ಗಂಟೆಯವರೆಗೂ ದೋಣಿ ತೇಲುವಷ್ಟು ನೀರು ಬರಲಿಲ್ಲ. ಜಗಲಿಯಲ್ಲಿ ಕೂತು ಎರಡನೇ ಸಲ ಚಾ ಕುಡಿದೆವು.