ಇಳಿಸಿಕೊಂಡ ಪ್ಯಾಕೇಜು ಎಲ್ಲಿ ಉಳಿಯುತ್ತದೆ?

ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕದ ಮಾಲು ಗಿರಾಕಿಗೆ ರವಾನೆಯಾದ ಬಳಿಕ ಪ್ಯಾಟರ್ನನ್ನು ಎಸೆಯುವುದಿಲ್ಲ. ಸಂಖ್ಯೆ ಬರೆದು ಕಪಾಟಿನಲ್ಲಿಡುತ್ತಾರೆ; ಅದೇ ಆರ್ಡರು ಮತ್ತೆ ಬಂದರೆ ಹೊಸ ಪ್ಯಾಟರ್ನಿನ ಖರ್ಚು ಉಳಿಯುತ್ತದೆ. ಕಚೇರಿಯ ಗಣಕಯಂತ್ರದಲ್ಲಿಯೂ ಇಂಥದೊಂದು ಕಪಾಟಿದೆ. ಅದರತ್ತ ಗಮನ ಹರಿಯುವುದು ಮಾತ್ರ ಸಾಮಾನ್ಯವಾಗಿ ಡಿಸ್ಕ್ ತುಂಬಿ, ಬಿಲ್ಲು ಹೊರಡದೆ ನಿಂತಾಗಲೇ.

ಪರವಾನಗಿ ಶುಲ್ಕವಿಲ್ಲದ ಡೆಬಿಯನ್, ಉಬುಂಟು ಮುಂತಾದ ಕಾರ್ಯಾಚರಣ ವ್ಯವಸ್ಥೆಗಳನ್ನು ಬಳಸುವ ಘಟಕಗಳಲ್ಲಿ ತಂತ್ರಾಂಶವನ್ನು ತರುವ, ಹೊಂದಿಸುವ ಕೆಲಸವನ್ನು 'ಆಪ್ಟ್' ಎಂಬ ಪ್ಯಾಕೇಜು ನಿರ್ವಾಹಕವು ನೋಡಿಕೊಳ್ಳುತ್ತದೆ. ಅದು ಮೊದಲು ದೂರದ ಭಂಡಾರದಿಂದ ಪಟ್ಟಿಯನ್ನು ತರಿಸಿಕೊಳ್ಳುತ್ತದೆ. ಪ್ರತಿ ಪ್ಯಾಕೇಜಿನ ಹೆಸರು, ಆವೃತ್ತಿ, ಗಾತ್ರ ಹಾಗೂ ಬೆರಳಚ್ಚಿನಂಥ ಒಂದು ಉದ್ದನೆಯ ತಾಳೆಸಂಖ್ಯೆ ಆ ಪಟ್ಟಿಯಲ್ಲಿರುತ್ತವೆ. ಬೇಕಾದ ಪ್ಯಾಕೇಜು 'ವಾರ್' ಕಡತಕೋಶದೊಳಗಿನ 'ಕ್ಯಾಶ್', ಅದರೊಳಗಿನ 'ಆಪ್ಟ್', ಅದರೊಳಗಿನ 'ಆರ್ಕೈವ್ಸ್' ಎಂಬಲ್ಲಿಗೆ ಬಂದು ಸೇರುತ್ತದೆ. ಇದೇ ಆ ಕಪಾಟು.

ಆದರೆ ಮಾಲು ನೇರವಾಗಿ ಕಪಾಟಿಗೆ ಏರುವುದಿಲ್ಲ. ಇಳಿಯುತ್ತಿರುವಷ್ಟು ಹೊತ್ತು ಅದು 'ಪಾರ್ಷಿಯಲ್' ಎಂಬ ಒಳಕೋಣೆಯಲ್ಲಿರುತ್ತದೆ. ಮಧ್ಯದಲ್ಲಿ ವಿದ್ಯುತ್ತು ಹೋದರೆ ಬಂದಷ್ಟು ಭಾಗ ಅಲ್ಲಿಯೇ ಉಳಿದು, ಮರುದಿನ ಸಾಮಾನ್ಯವಾಗಿ ಅಲ್ಲಿಂದ ಮುಂದಕ್ಕೆ ಇಳಿಯುತ್ತದೆ. ಪೂರ್ತಿ ಬಂದ ಮೇಲೆ ತಾಳೆಸಂಖ್ಯೆಯನ್ನು ಲೆಕ್ಕ ಹಾಕಿ ಪಟ್ಟಿಯೊಂದಿಗೆ ಹೋಲಿಸಲಾಗುತ್ತದೆ; ಹೊಂದಿದರೆ ಮಾತ್ರ ಒಳಗೆ. ಒಳಬರುವ ಬಾರುಗಳನ್ನು ಗೇಜಿಟ್ಟು ನೋಡಿ ಸ್ಟೋರಿಗೆ ತೆಗೆದುಕೊಂಡಂತೆ ಇದು. ಮುಂದೆ ಅದೇ ಆವೃತ್ತಿ ಬೇಕಾದಾಗ ಹೆಸರು ಹಾಗೂ ಗಾತ್ರ ಹೊಂದಿದರೆ ಜಾಲದ ಗೊಡವೆಯಿಲ್ಲ.

ತೊಂದರೆ ಆರಂಭವಾಗುವುದು ಡ್ರಾಯಿಂಗ್ ಬದಲಾದಾಗ. ಹೊಸ ಆವೃತ್ತಿ ಬಂದರೂ ಹಳೆಯದು ತಾನಾಗಿ ಜಾಗ ಬಿಡುವುದಿಲ್ಲ. 'ಆಪ್ಟ್-ಗೆಟ್' ಆದೇಶವನ್ನೇ ವರ್ಷಗಟ್ಟಲೆ ಬಳಸಿದ ಯಂತ್ರಗಳಲ್ಲಿ ಹಲವು ಗಿಗಾಬೈಟುಗಳು ಹೀಗೆ ಕೂಡಿರುವುದುಂಟು. 2016ರಲ್ಲಿ ಬಂದ 1.2ನೆಯ ಆವೃತ್ತಿಯಿಂದ 'ಆಪ್ಟ್' ಎಂಬ ಚಿಕ್ಕ ಆದೇಶವು, ಅಳವಡಿಕೆ ಮುಗಿದೊಡನೆ ಇಳಿಸಿದ ಪ್ಯಾಕೇಜನ್ನು ಅಳಿಸುತ್ತದೆ. 'ಆಪ್ಟ್-ಗೆಟ್' ಹಳೆಯ ರೂಢಿಯಂತೆ ಇಟ್ಟುಕೊಳ್ಳುತ್ತದೆ. ಮುಂಬಯಿಯ ಫ್ರಾಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್‌ನಂಥ ಲೆಕ್ಕಪತ್ರ ತಂತ್ರಾಂಶವೂ ಅದೇ ಯಂತ್ರದಲ್ಲಿದ್ದರೆ, ಅದರ ದತ್ತಸಂಚಯವೂ ಸಾಮಾನ್ಯವಾಗಿ 'ವಾರ್' ಒಳಗೇ ಇರುತ್ತದೆ. ಕಪಾಟು ಉಕ್ಕಿದರೆ ಲೆಕ್ಕದ ಪುಸ್ತಕಕ್ಕೆ ಬರೆಯಲು ಜಾಗವಿಲ್ಲದಂತಾಗುತ್ತದೆ.

ಪರಿಹಾರ ಸುಲಭ. 'ಆಟೋಕ್ಲೀನ್' ಎಂಬ ಆದೇಶವು ಭಂಡಾರದಲ್ಲಿ ಈಗ ಸಿಗದ ಹಳೆಯ ಪ್ಯಾಕೇಜುಗಳನ್ನಷ್ಟೇ ತೆಗೆಯುತ್ತದೆ. 'ಕ್ಲೀನ್' ಎಲ್ಲವನ್ನೂ ಗುಡಿಸುತ್ತದೆ. ಎರಡರಿಂದಲೂ ಅಳವಡಿಸಿದ ತಂತ್ರಾಂಶಕ್ಕೆ ಕುಂದಿಲ್ಲ. ಪ್ಯಾಟರ್ನು ಒಡೆದರೆ ರವಾನೆಯಾದ ಎರಕವೇನೂ ಒಡೆಯುವುದಿಲ್ಲವಷ್ಟೆ.

ಇನ್ನು ಉಳಿತಾಯದ ಮಾತು. ಆರು ಗಣಕಯಂತ್ರಗಳುಳ್ಳ ಘಟಕದಲ್ಲಿ ಒಂದು ಪರಿಷ್ಕರಣೆ 300 ಮೆಗಾಬೈಟಿನದಾದರೆ, ಪ್ರತಿ ಯಂತ್ರವೂ ತಾನೇ ತರಿಸಿಕೊಂಡಾಗ 1,800 ಮೆಗಾಬೈಟು ಇಳಿಯುತ್ತದೆ. 'ಆಪ್ಟ್-ಕ್ಯಾಶರ್-ಎನ್‌ಜಿ' ಎಂಬ ಉಚಿತ ತಂತ್ರಾಂಶವನ್ನು ಒಂದು ಹಳೆಯ ಯಂತ್ರದಲ್ಲಿ ಹಾಕಿ ಉಳಿದವುಗಳನ್ನು ಅದರತ್ತ ತಿರುಗಿಸಿದರೆ, ಒಂದೇ ಬಗೆಯ ಯಂತ್ರಗಳಿಗೆ 300 ಮೆಗಾಬೈಟೇ ಸಾಕು.

ಕಪಾಟಿಗೆ ಇನ್ನೊಂದು ಬೆಲೆಯೂ ಇದೆ. 2016ರ ಮಾರ್ಚ್‌ನಲ್ಲಿ 'ಎನ್‌ಪಿಎಂ' ಭಂಡಾರದಿಂದ 'ಲೆಫ್ಟ್-ಪ್ಯಾಡ್' ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃವು ಹಿಂತೆಗೆದುಕೊಂಡಾಗ, ಅದನ್ನು ನಂಬಿದ್ದ ಅಸಂಖ್ಯ ತಂತ್ರಾಂಶಗಳ ಅಳವಡಿಕೆ ಕೆಲ ಗಂಟೆಗಳ ಕಾಲ ನಿಂತುಹೋಯಿತು. ಡೆಬಿಯನ್ನಿನ ಸಾಮಾನ್ಯ ಭಂಡಾರಗಳಲ್ಲಿಯೂ ಹೊಸ ಆವೃತ್ತಿ ಬಂದೊಡನೆ ಹಳೆಯದು ತೆರವಾಗುತ್ತದೆ. ಹೊಸ ಪರಿಷ್ಕರಣೆಯಿಂದ ಬಿಲ್ಲಿನ ಪ್ರಿಂಟರು ಮುಷ್ಕರ ಹೂಡಿದ ದಿನ, ಕಪಾಟಿನಲ್ಲುಳಿದ ಹಿಂದಿನ ಪ್ಯಾಕೇಜೇ ಆಧಾರ. ಆದರೆ ಗುಡಿಸುವ ಒಂದು ಆದೇಶಕ್ಕೆ ಅಳಿದುಹೋಗುವ ಈ ಸಂಗ್ರಹವನ್ನು ಕಾಯಂ ದಾಸ್ತಾನೆಂದು ನಂಬುವಂತಿಲ್ಲ. ಬೇಕೆನಿಸಿದ ಪ್ಯಾಕೇಜುಗಳನ್ನು ಬೇರೊಂದು ಡಿಸ್ಕಿಗೆ ನಕಲಿಸಿಡಬೇಕು. ಹಳೆಯದನ್ನು ಮರಳಿ ಹಾಕಿದ ಮೇಲೆ 'ಆಪ್ಟ್-ಮಾರ್ಕ್ ಹೋಲ್ಡ್' ಎಂದು ಗುರುತು ಮಾಡದಿದ್ದರೆ, ಮುಂದಿನ ಪರಿಷ್ಕರಣೆಯಲ್ಲಿ ಹೊಸದೇ ಮತ್ತೆ ಬಂದು ಕೂರುತ್ತದೆ. ಗುರುತು ಇರುವವರೆಗೆ ಆ ಪ್ಯಾಕೇಜಿಗೆ ಸುರಕ್ಷತೆಯ ತಿದ್ದುಪಡಿಗಳೂ ಬರುವುದಿಲ್ಲವಾದ್ದರಿಂದ, ಪ್ರಿಂಟರು ಸರಿಹೋದ ದಿನವೇ ಅದನ್ನು ತೆಗೆಯುವುದು ಲೇಸು.