ಪ್ರತಿಕಾಯಗಳು ವೈರಸ್ಸನ್ನು ಗುರುತು ಹಿಡಿಯುವುದು ಹೇಗೆ?

ಎಳೆಮಗುವಿಗೆ ನೆಗಡಿಯಾಗಿ ಎರಡೇ ದಿನಕ್ಕೆ ಎದೆಯಲ್ಲಿ ಗೊರಗೊರ ಸದ್ದು, ಏದುಸಿರು, ಹಾಲು ಕುಡಿಯಲೂ ಆಗದ ಸ್ಥಿತಿ. ಇದರ ಹಿಂದೆ ಎಷ್ಟೋ ಸಲ ಇರುವುದು ಆರ್‌ಎಸ್‌ವಿ ಎಂಬ ವೈರಸ್. 1956ರಲ್ಲಿ ಚಿಂಪಾಂಜಿಗಳಲ್ಲಿ ಮೊದಲು ಪತ್ತೆಯಾದ ಇದಕ್ಕೆ ಲಸಿಕೆ ಬಂದದ್ದು 2023ರಲ್ಲಿ. ಯಾಕಿಷ್ಟು ತಡ?

ಪ್ರತಿಕಾಯ ಎಂದರೆ ನಮ್ಮ ರಕ್ತದಲ್ಲಿ ಓಡಾಡುವ, ಇಂಗ್ಲಿಷಿನ 'ವೈ' ಅಕ್ಷರದಂಥ ಪ್ರೋಟೀನು. ಅದು ವೈರಸ್ಸನ್ನು ಪೂರ್ತಿ ನೋಡುವುದಿಲ್ಲ. ತನ್ನ ತೋಳಿನ ತುದಿಯಿಂದ ವೈರಸ್ಸಿನ ಮೈಮೇಲಿನ ಪ್ರೋಟೀನಿನ ಒಂದು ಚೂರು ಜಾಗವನ್ನಷ್ಟೇ ತಡವಿ ನೋಡುತ್ತದೆ. ಅಲ್ಲಿನ ಉಬ್ಬುತಗ್ಗು, ವಿದ್ಯುದಂಶ ಎಲ್ಲ ತನಗೆ ಹೊಂದಿದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಕಾರ ಬದಲಾಯಿತೋ, ಗುರುತೂ ಹೋಯಿತು.

ಆರ್‌ಎಸ್‌ವಿಯ ಕಿತಾಪತಿ ಇರುವುದು ಇಲ್ಲೇ. ಮಳೆಗಾಲದಲ್ಲಿ ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಬಟನ್ ಕೊಡೆ ನಿಮಗೆ ಗೊತ್ತಲ್ಲ? ಈ ವೈರಸ್ಸಿನ 'ಎಫ್' ಪ್ರೋಟೀನು ಹಾಗೆಯೇ ಮೊಟಕಾಗಿ ಮಡಚಿಕೊಂಡಿರುತ್ತದೆ. ನಮ್ಮ ಜೀವಕೋಶಕ್ಕೆ ನುಗ್ಗುವಾಗ ಚಿಮ್ಮಿ ಉದ್ದವಾಗುತ್ತದೆ. ಮತ್ತೆ ಮಡಚಲು ಬಾರದು. ಕೆಲವೊಮ್ಮೆ ಸುಮ್ಮನಿದ್ದಾಗಲೂ ಬಿಚ್ಚಿಕೊಂಡುಬಿಡುತ್ತದೆ. ವೈರಸ್ಸನ್ನು ಬಾಗಿಲಲ್ಲೇ ತಡೆಯಲು ಮಡಚಿದ ರೂಪವನ್ನು ಹಿಡಿಯುವ ಪ್ರತಿಕಾಯಗಳೇ ಹೆಚ್ಚು ಸಮರ್ಥ.

1966ರಲ್ಲಿ ಅಮೆರಿಕದಲ್ಲಿ ಫಾರ್ಮಲಿನ್ ಹಾಕಿ ಕೊಂದ ವೈರಸ್ಸಿನ ಲಸಿಕೆಯನ್ನು ಹಸುಗೂಸುಗಳಿಗೆ ಕೊಟ್ಟು ನೋಡಿದರು. ಆಮೇಲೆ ಸೋಂಕು ತಗುಲಿದಾಗ ಒಂದು ಗುಂಪಿನಲ್ಲಿ ಲಸಿಕೆ ಪಡೆದವರಲ್ಲಿ 100ಕ್ಕೆ 80 ಮಕ್ಕಳು ಆಸ್ಪತ್ರೆ ಸೇರಬೇಕಾಯಿತು. ಪಡೆಯದವರಲ್ಲಿ 100ಕ್ಕೆ 5 ಮಾತ್ರ. ಎರಡು ಮಕ್ಕಳು ತೀರಿಕೊಂಡವು. ಆ ಲಸಿಕೆಯಲ್ಲಿದ್ದ ಎಫ್ ಬಹುಪಾಲು ಬಿಚ್ಚಿದ ಕೊಡೆಯಾಗಿತ್ತು. ಹುಟ್ಟಿದ ಪ್ರತಿಕಾಯಗಳು ಅಂಟಿದವು, ತಡೆಯಲಿಲ್ಲ. ಜೊತೆಗೆ ಶ್ವಾಸಕೋಶದಲ್ಲಿ ವಿಪರೀತ ಉರಿಯೂತ. ಅಲ್ಲಿಂದ ದಶಕಗಳ ಕಾಲ ಈ ಲಸಿಕೆಯ ಕೆಲಸಕ್ಕೆ ಕೈಹಾಕಲು ಎಲ್ಲರೂ ಹಿಂಜರಿದರೆ ಆಶ್ಚರ್ಯವೇನು?

ಗಂಟು ಬಿಡಿಸಿದ್ದು ಒಂದು ಪ್ರತಿಕಾಯವೇ. ಅದರ ಹೆಸರು ಡಿ25. ಅಮೆರಿಕದ ಜೇಸನ್ ಮೆಕ್‌ಲೆಲ್ಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮತ್ತು ಸಂಗಡಿಗರು 2013ರಲ್ಲಿ ಡಿ25 ಹಿಡಿದುಕೊಂಡಿದ್ದ ಎಫ್ ಪ್ರೋಟೀನಿನ ರಚನೆಯನ್ನು ಎಕ್ಸ್‌ರೇ ಮೂಲಕ ಕಂಡುಕೊಂಡರು. ಮಡಚಿದ ರೂಪದ ನೆತ್ತಿಯ ಮೇಲೆ ಡಿ25 ಕೂತಿತ್ತು. ಎಫ್ ಬಿಚ್ಚಿಕೊಂಡರೆ ಆ ಜಾಗವೇ ಇರುವುದಿಲ್ಲ! ಆಮೇಲೆ ಪ್ರೋಟೀನಿನೊಳಗೆ ಒಂದು ಹೊಲಿಗೆ ಹಾಕಿ, ಟೊಳ್ಳು ತುಂಬಿ, ಅದು ಬಿಚ್ಚಿಕೊಳ್ಳದಂತೆ ಮಾಡಿದರು.

ಹೀಗೆ ಮಡಚಿಟ್ಟ ಎಫ್‌ನ ಲಸಿಕೆಗಳಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಮೊದಲು 60 ದಾಟಿದವರಿಗೆ, ನಂತರ ಗರ್ಭಿಣಿಯರಿಗೆ. ತಾಯಿಯಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸಿನ ಮೂಲಕ ಹೊಟ್ಟೆಯೊಳಗಿನ ಕೂಸಿಗೆ ತಲುಪುತ್ತವೆ. ಡಿ25ರಿಂದಲೇ ರೂಪಿಸಿದ ನಿರ್ಸೆವಿಮಾಬ್ ಎಂಬ ಪ್ರತಿಕಾಯವನ್ನು ನೇರವಾಗಿ ಮಗುವಿಗೇ ಚುಚ್ಚುವುದೂ ಉಂಟು. ಒಂದು ಡೋಸು, ಸುಮಾರು 5 ತಿಂಗಳ ಕಾವಲು.